ಚುಕ್ಕಿಯ ಬಲಗಡೆ

2025ರ ಮಾರ್ಚ್ 18, ಮಂಗಳವಾರ, ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ನಾರ್ತ್‌ವಿಂಡ್ ಎಂಬ ಹೆಸರಿನಲ್ಲಿ ಹೊಸದೊಂದು ತಿದ್ದುಪಡಿ ಬಂತು. ಜತೆಗೆ ಎರಡು ಸಾಲಿನ ವಿವರಣೆ ಇತ್ತು: ಮೊತ್ತ ಬರೆಯುವ ಭಾಗವನ್ನು ಚಿಕ್ಕದು ಮಾಡಿದ್ದೇನೆ, ಎಲ್ಲ ಪರೀಕ್ಷೆಗಳೂ ಪಾಸಾಗಿವೆ. ಹತ್ತು ನಿಮಿಷದೊಳಗೆ ಜೋಸ್ವಿನ್ ಅದಕ್ಕೆ ಸಹಿ ಹಾಕಿದ. ಇನ್ನು ನನ್ನ ಸಹಿಯೊಂದು ಬಿದ್ದರೆ ಶನಿವಾರ ಸಂಜೆ ಅದು ನಾಲ್ಕು ಸಾವಿರ ಜನರ ಕಂಪ್ಯೂಟರ್ ಸೇರುತ್ತಿತ್ತು.

ನನ್ನ ಕೆಲಸ ಕೇಳುವವರಿಗೆ ವಿಚಿತ್ರ, ಮಾಡುವವರಿಗೆ ಬೇಸರದ್ದು. ಕ್ರಿಪ್ಟೋ ನಾಣ್ಯವೊಂದರ ವ್ಯಾಲೆಟ್ಟಿನಲ್ಲಿ, ಅಂದರೆ ಆ ನಾಣ್ಯವನ್ನು ಇಟ್ಟುಕೊಂಡು ಕಳಿಸುವ ತಂತ್ರಾಂಶದಲ್ಲಿ, ಒಂದು ಸಣ್ಣ ಭಾಗವನ್ನು ನಾನು ಕೆ. ಹೊಸಕೋಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ನೋಡಿಕೊಳ್ಳುತ್ತೇನೆ. ಯಾರು, ಯಾರಿಗೆ, ಎಷ್ಟು ಕಳಿಸಿದರು ಎಂಬುದು ಯಂತ್ರದೊಳಗೆ ಬಿಡಿಬಿಡಿಯಾಗಿ ಇರುತ್ತದೆ. ಅದನ್ನು ಒಂದೇ ಸರವಾಗಿ ಪೋಣಿಸಿ ಹೊರಗೆ ಕಳಿಸಬೇಕು. ಆ ಕಡೆಯ ಯಂತ್ರ ಸರವನ್ನು ಬಿಡಿಸಿದಾಗ ಇಲ್ಲಿ ಇದ್ದದ್ದೇ ಅಲ್ಲಿ ಸಿಗಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಪೋಣಿಸುವ ಮತ್ತು ಬಿಡಿಸುವ ಈ ಕೋಡು ಎಲ್ಲರಿಗೂ ತೆರೆದಿದೆ. ಲೋಕದ ಯಾವ ಮೂಲೆಯಿಂದ ಬೇಕಾದರೂ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆದರೆ ಅದು ಒಳಗೆ ಸೇರಬೇಕಾದರೆ ಎರಡು ಸಹಿ ಬೇಕು: ನನ್ನದು, ಜೋಸ್ವಿನ್‌ನದು. ಬರೆದವರ ಪರಿಚಯ ಇಬ್ಬರಲ್ಲಿ ಯಾರಿಗಾದರೂ ಇದ್ದರೆ ಮೊದಲೇ ಹೇಳಬೇಕು. ಆ ನಿಯಮ ಬರೆದವಳು ನಾನೇ.

ಜೋಸ್ವಿನ್ ಮಂಗಳೂರಿನಲ್ಲಿ ಎಂಎಸ್ಸಿಗೆ ನನ್ನ ಸಹಪಾಠಿ. ಸಕಲೇಶಪುರದಾಚೆ, ದೋಣಿಗಾಲ್ ದಾಟಿದ ಮೇಲೆ ಅವನ ತಂದೆ ಅಗಸ್ಟಿನ್ ಅವರ ಎಸ್ಟೇಟ್ ಇದೆ. ಕೆಳಗೆ ಎಡಕುಮೇರಿ ಕಡೆಗೆ ಇಳಿಯುವ ರೈಲಿನ ಸದ್ದು ಅವನ ಫೋನಿನಲ್ಲಿ ಎಷ್ಟೋ ಸಲ ನನಗೂ ಕೇಳಿಸಿದೆ.

ನಾರ್ತ್‌ವಿಂಡ್ ಯಾರೆಂದು ಇಬ್ಬರಿಗೂ ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ. ಹಿಂದಿನ ಅಕ್ಟೋಬರಿನಲ್ಲಿ ಮೊದಲ ತಿದ್ದುಪಡಿ ಬಂದಾಗಿನಿಂದಲೂ ನನಗೆ ಆ ಹೆಸರಿನ ಮೇಲೆ ಸಮಾಧಾನವಿರಲಿಲ್ಲ. ಮುಖವಿಲ್ಲ, ಊರಿಲ್ಲ. ಕರೆಗೆ ಬಾ ಎಂದರೆ ಬರುವುದಿಲ್ಲ. ಕೆಲಸವೆಲ್ಲ ನಮ್ಮ ಬೆಳಗಿನ ಏಳರ ಸುಮಾರಿಗೆ ಬರುತ್ತದೆ. ಡಿಸೆಂಬರ್, ಜನವರಿ ಪೂರ್ತಿ ಮೌನ. ಫೆಬ್ರವರಿಯಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಹಾಜರು. ಕೆಲಸ ಮಾತ್ರ ಒಪ್ಪ. ಅಗತ್ಯಕ್ಕಿಂತ ಒಪ್ಪ. ಹಿಂದೊಮ್ಮೆ ಇನ್ನೊಂದು ವ್ಯಾಲೆಟ್ಟಿಗೆ ಇಂಥದೇ ಒಬ್ಬ ಸಹಾಯಕ ಎರಡು ವರ್ಷ ನಿಷ್ಠೆಯಿಂದ ದುಡಿದು, ಕೊನೆಗೆ ಒಂದು ಸಾಲು ಸೇರಿಸಿ ಎಲ್ಲರ ನಾಣ್ಯ ಬಳಿದುಕೊಂಡು ಹೋಗಿದ್ದ.

ಬುಧವಾರ ಮಧ್ಯಾಹ್ನ ಈ ತಿದ್ದುಪಡಿಯಲ್ಲೂ ನನಗೆ ಅಂಥದೊಂದು ಸಾಲು ಸಿಕ್ಕಿತು.

ನಮ್ಮ ನಾಣ್ಯದಲ್ಲಿ ಒಂದಕ್ಕೆ ನೂರು ಚೂರು. ಒಂದು ನಾಣ್ಯ ಐದು ಚೂರನ್ನು ಬೇರೆ ವ್ಯಾಲೆಟ್ಟಿಗೆ ಕಳಿಸುವಾಗ 1.05 ಎಂದು ಬರೆಯುತ್ತೇವೆ. ನಾರ್ತ್‌ವಿಂಡ್‌ನ ಹೊಸ ಕೋಡು ಚುಕ್ಕಿಯ ಎಡಗಡೆ ನಾಣ್ಯ ಎಷ್ಟು, ಬಲಗಡೆ ಚೂರು ಎಷ್ಟು ಎಂದು ಎರಡು ಬೇರೆ ಬೇರೆ ಸಂಖ್ಯೆಗಳನ್ನು ಇಡುತ್ತಿತ್ತು. ನಡುವೆ ಸೊನ್ನೆ ಇಲ್ಲ. ಒಂದು ನಾಣ್ಯ ಐದು ಚೂರು 1.5 ಆಗಿ ಹೊರಗೆ ಹೋಗುತ್ತಿತ್ತು. ಬಿಡಿಸುವ ಸಾಲನ್ನು ಬರೆದದ್ದೂ ಅದೇ ಕೈ, ಅದು 1.5 ಅನ್ನು ಒಂದು ನಾಣ್ಯ ಐದು ಚೂರು ಎಂದೇ ಓದಿಕೊಳ್ಳುತ್ತಿತ್ತು. ತಾನು ಬರೆದದ್ದನ್ನು ತಾನೇ ಓದುವುದರಿಂದ ಪರೀಕ್ಷೆಗಳೆಲ್ಲ ಪಾಸು. ಆದರೆ ಬೇರೆ ಯಾವ ವ್ಯಾಲೆಟ್ ಓದಿದರೂ 1.5 ಎಂದರೆ ಒಂದೂವರೆ. ಐದು ಚೂರು ಕಳಿಸಿದವರಿಂದ ಐವತ್ತು ಚೂರು ಹೋಗುತ್ತದೆ. ಇದು ಗೊತ್ತಿರುವವನು ಆ ಕಡೆ ಕೈ ಚಾಚಿ ಕೂತರೆ ಸಾಕು.

ದಶಮಾಂಶದಲ್ಲಿ ಶಾಲೆಯ ಮಕ್ಕಳೂ ತಪ್ಪುವುದಿಲ್ಲ. ಇಷ್ಟು ಒಪ್ಪವಾಗಿ ಬರೆಯುವವರು ತಪ್ಪುತ್ತಾರೆಯೇ? ಬೇಲಿಯಲ್ಲಿ ಬೇಕೆಂದೇ ಬಿಟ್ಟ ಕಂಡಿ ಇದು ಎಂದು ನಾನು ತೀರ್ಮಾನಿಸಿದೆ. ಒಂದು ಎಚ್ಚರಿಕೆಯ ಪ್ರಕಟಣೆ ಬರೆದಿಟ್ಟೆ: ನಾರ್ತ್‌ವಿಂಡ್ ಹೆಸರಿನ ವ್ಯಕ್ತಿ ಉದ್ದೇಶಪೂರ್ವಕವಾಗಿ ಕಳ್ಳದಾರಿ ಇಟ್ಟಿದ್ದಾರೆ, ಇವರಿಂದ ಯಾರೂ ಏನನ್ನೂ ತೆಗೆದುಕೊಳ್ಳಬೇಡಿ. ನಮ್ಮ ಕಸುಬಿನಲ್ಲಿ ಅಂಥ ಪ್ರಕಟಣೆ ಒಮ್ಮೆ ಹೊರಬಿದ್ದರೆ ಆ ಹೆಸರಿಗೆ ಅಲ್ಲಿಗೆ ಮುಗಿಯಿತು. ಹಾಕದೆ ಬಿಟ್ಟರೆ, ಅವರು ಕಳ್ಳರೇ ಆಗಿದ್ದರೆ, ಇನ್ನೊಂದು ವ್ಯಾಲೆಟ್ಟಿನ ಬೇಲಿ ಹುಡುಕಿಕೊಂಡು ಹೋಗುತ್ತಾರೆ.

ಕಳಿಸುವ ಮೊದಲು ಜೋಸ್ವಿನ್‌ಗೆ ಫೋನ್ ಮಾಡಿದೆ.

"ನೋಡಿದ್ಯಾ? ಸಹಿ ಹಾಕು ಮಾರಾಯ್ತಿ, ಶನಿವಾರ ಬಂದೇಬಿಡ್ತು," ಎಂದ.

"ಅದರಲ್ಲೊಂದು ಕಂಡಿ ಇದೆ."

"ಎಂಥ ಕಂಡಿ? ಯಾವ ಸಾಲಲ್ಲಿ?"

"ಹೇಳಲ್ಲ."

"ಹೇಳಲ್ಲ ಅಂದ್ರೆ? ನಾನೆಂಥ ಕಳ್ಳನಾ?"

"ನಾನು ಹಾಗಂದ್ನಾ?"

"ನೀನು ಬಾಯಿ ಬಿಟ್ಟು ಹೇಳ್ಬೇಕಾ? ಹಾಲಿನವನ ಮೇಲೆ ಡೌಟು ಅಂತ ಹಾಸನದಿಂದ ಲ್ಯಾಕ್ಟೋಮೀಟರ್ ತರಿಸಿದವಳು ನೀನು."

"ನೀರು ಇತ್ತಲ್ಲ?"

"ಇತ್ತು, ಬಿಡು."

"ನಾಳೆ ಸಂಜೆ ಎಚ್ಚರಿಕೆ ಹಾಕ್ತೀನಿ. ನಾರ್ತ್‌ವಿಂಡ್ ಕಳ್ಳ ಅಂತ."

ಅವನ ದನಿ ತಗ್ಗಿತು. "ಬೇಡ ಸೌಜನ್ಯಾ. ತಿದ್ದುಪಡಿ ಬೇಕಾದ್ರೆ ವಾಪಸ್ ಕಳಿಸು. ಹೆಸರು ಹಾಕ್ಬೇಡ."

"ಯಾಕೆ? ನಿಂಗೆ ಗೊತ್ತಾ ಅವರು?"

"ಇಂಟರ್ನೆಟ್ಟಲ್ಲಿ ಯಾರಿಗೆ ಯಾರು ಗೊತ್ತು ಮಾರಾಯ್ತಿ?" ಎಂದು ಫೋನ್ ಇಟ್ಟ.

ಗೊತ್ತಿಲ್ಲ ಎಂದು ಅವನು ಹೇಳಲಿಲ್ಲ. ನಾನು ಅದನ್ನು ಗಮನಿಸಿದೆ. ಹತ್ತು ನಿಮಿಷದಲ್ಲಿ ಬಿದ್ದ ಅವನ ಸಹಿಯೂ ಈಗ ಬೇರೆಯಾಗಿ ಕಾಣತೊಡಗಿತು. ಅಷ್ಟು ಹೊತ್ತಿನಲ್ಲಿ ಆ ಕೋಡನ್ನು ಯಾರೂ ಓದಿ ಮುಗಿಸಲಾರರು, ಮೊದಲೇ ಓದಿರದಿದ್ದರೆ. ಅಥವಾ ತಾನೇ ಬರೆದಿರದಿದ್ದರೆ. ಬರೆಯುವ ಕೈ, ಸಹಿ ಹಾಕುವ ಕೈ ಎರಡೂ ಒಬ್ಬನದೇ ಆದರೆ ನಮ್ಮ ನಿಯಮ ಏನನ್ನು ಕಾಯುತ್ತಿದೆ? ಆರು ವರ್ಷ ಜತೆಗೆ ಕೆಲಸ ಮಾಡಿದವನ ಬಗ್ಗೆ ಹೀಗೆ ಯೋಚಿಸುವುದು ಸುಲಭವಲ್ಲ. ಆದರೆ ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದೂ ಸುಲಭವಲ್ಲ.

ಅಂದು ಸಂಜೆ ಬೆಟ್ಟದ ಕಡೆಯಿಂದ ಗುಡುಗಿ ವರ್ಷದ ಹೂಮಳೆ ಬಂತು. ಕಾಫಿ ಗಿಡ ಮೊಗ್ಗು ಬಿಚ್ಚಲು ಕಾಯುವ ಮಳೆ ಅದು. ಈ ಸೀಮೆಯಲ್ಲಿ ಮರುದಿನ ಬೆಳಿಗ್ಗೆ ಯಾರಿಗೂ ಬೇರೆ ಮಾತಿರುವುದಿಲ್ಲ.

ಗುರುವಾರ ಬೆಳಿಗ್ಗೆ ನಮ್ಮ ಅತ್ತೆ ಮೀನಾಕ್ಷಮ್ಮ ಬೆಳೆಗಾರರ ವಾಟ್ಸಾಪ್ ಗ್ರೂಪು ತೆರೆದ ಫೋನ್ ಹಿಡಿದು ಅಂಗಳಕ್ಕೆ ಬಂದರು. ನಾನು ಮಳೆಮಾಪಕದ ನೀರನ್ನು ಗಾಜಿಗೆ ಸುರಿಯುತ್ತಿದ್ದೆ. ಮಾಪಕ ಮನೆಯದೇ, ಐದು ಇಂಚು ಬಾಯಿಯ ಆಲಿಕೆಯದು. ಅದರ ಹಳೆಯ ಗಾಜು ಒಡೆದಾಗ ಅದೇ ಅಳತೆಯ ಆಲಿಕೆಗೆ ಹೊಂದುವ, ಮಿಲಿಮೀಟರ್ ಗೆರೆಗಳ ಗಾಜನ್ನು ನಾನು ತರಿಸಿದ್ದೆ.

"ಎಷ್ಟಾಗೈತೆ ಹೇಳವ್ವ ಬೇಗ. ಗ್ರೂಪಲ್ಲಿ ಎಲ್ರೂ ಹಾಕ್ಬುಟ್ರು."

"ಇಪ್ಪತ್ತಾರು ಮಿಲಿಮೀಟರ್, ಅತ್ತೆ."

"ನಿನ್ನ ಮಿಲಿಮೀಟರ್ ಕಟ್ಕೊಂಡು ನಾನೇನ್ ಮಾಡ್ಲಿ? ಪಕ್ಕದ ವೀರಭದ್ರಯ್ಯನೋರು ಹಾಕವ್ರೆ ನೋಡು."

ನೋಡಿದೆ. ವೀರಭದ್ರಯ್ಯನವರು 1.5 ಎಂದು ಹಾಕಿದ್ದರು. ಒಂದೂವರೆ ಇಂಚು ಎಂದರೆ ಮೂವತ್ತೆಂಟು ಮಿಲಿಮೀಟರ್. ಅವರ ತೋಟಕ್ಕೂ ನಮ್ಮದಕ್ಕೂ ನಡುವೆ ಇರುವುದು ಒಂದು ಬೇಲಿ.

"ಬೇಲಿ ಆ ಕಡೆ ಅಷ್ಟು, ಈ ಕಡೆ ಇಷ್ಟೇನಾ? ಅವರು ಸುಳ್ಳು ಹಾಕ್ತಿದಾರೆ ಅತ್ತೆ."

"ಅಯ್ಯೋ, ಅವರ್ಯಾಕೆ ಸುಳ್ಳು ಹಾಕ್ತಾರೆ? ಒಂದಿಂಚು ಐದು ಸೆಂಟು ಅಂತ ಬರ್ದವ್ರೆ."

"ಒಂದೂವರೆ ಅಂತಲ್ವಾ?"

"ಒಂದೂವರೆ ಆಗಿದ್ರೆ ಒಂದು, ಚುಕ್ಕಿ, ಐವತ್ತು ಅಂತ ಬರೀತಿರ್ಲಿಲ್ವಾ? ಇಂಚಿಗೆ ನೂರು ಸೆಂಟು ಕಣವ್ವ. ಚುಕ್ಕಿ ಈ ಕಡೆ ಇಂಚು, ಆ ಕಡೆ ಸೆಂಟು. ಈ ಮನೆಗೆ ಬಂದು ಆರು ವರ್ಷ ಆಯ್ತು, ಇನ್ನೂ ಮಳೆ ಓದಾಕೆ ಬರಕ್ಕಿಲ್ಲ ನಿಂಗೆ." ಅಷ್ಟು ಹೇಳಿ ನನ್ನ ಇಪ್ಪತ್ತಾರನ್ನು ಬೆರಳಲ್ಲೇ ಇಂಚಿಗೆ ತಿರುಗಿಸಿ 1.2 ಎಂದು ಗ್ರೂಪಿಗೆ ಹಾಕಿದರು. ಒಂದು ಇಂಚು ಎರಡು ಸೆಂಟು.

ನಾನು ಚಿತ್ರದುರ್ಗದವಳು. ನಮ್ಮೂರಲ್ಲಿ ಮಳೆ ಬಂತೋ ಇಲ್ಲವೋ ಎಂಬುದಷ್ಟೇ ಲೆಕ್ಕ. ಕೈಯಲ್ಲಿ ಗಾಜು ಹಿಡಿದು ಅಲ್ಲೇ ನಿಂತೆ. ಚುಕ್ಕಿಯ ಎಡಗಡೆ ಒಂದು, ಬಲಗಡೆ ಇನ್ನೊಂದು, ನಡುವೆ ಸೊನ್ನೆ ಇಲ್ಲ. ಹಿಂದಿನ ಮಧ್ಯಾಹ್ನ ನಾನು ಕಳ್ಳದಾರಿ ಎಂದು ಕರೆದದ್ದು ಅಕ್ಷರಶಃ ಇದನ್ನೇ. ಎಲ್ಲರೂ ಹೀಗೆ ಬರೆಯುವುದಿಲ್ಲ. ಗ್ರೂಪಿನಲ್ಲೇ ಸೊನ್ನೆ ಹಾಕಿದವರೂ ಇದ್ದರು. ಆದರೆ ಹೀಗೆ ಬರೆಯುವವರು ಕಾಫಿ ಸೀಮೆಯವರೇ. ಡಿಸೆಂಬರ್, ಜನವರಿಯ ಮೌನಕ್ಕೂ ಅರ್ಥ ಬಂತು. ಅದು ಕೊಯ್ಲಿನ ಕಾಲ. ಬೆಳಗಿನ ಏಳು ಗಂಟೆ, ಆಳುಗಳು ತಮ್ಮ ಲೈನ್‌ಮನೆಗಳಿಂದ ಕೆಲಸಕ್ಕೆ ಹೊರಡುವ ಮುಂಚಿನ ಬಿಡುವು.

ಉತ್ತರದ ಗಾಳಿಯಲ್ಲ, ಇಲ್ಲಿಯದೇ ಗಾಳಿ. ಕಾಫಿ ಎಸ್ಟೇಟಿನಲ್ಲಿ ಬೆಳೆದು ನಮ್ಮ ಕೋಡನ್ನೂ ಬಲ್ಲವನು ನನಗೆ ಗೊತ್ತಿದ್ದಂತೆ ಒಬ್ಬನೇ.

ಆದರೂ ಅನುಮಾನ ಕರಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಇದು ಕೈಯ ಅಭ್ಯಾಸವೂ ಆಗಿರಬಹುದು; ಸಿಕ್ಕಿಬಿದ್ದರೆ ಅಭ್ಯಾಸ ಎಂದು ಹೇಳಿಕೊಳ್ಳಲು ಆರಿಸಿಕೊಂಡ ಮರೆಯೂ ಆಗಿರಬಹುದು. ಅಳತೆಯ ಗಾಜನ್ನು ಟವೆಲಿನಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆ. ಜೋಸ್ವಿನ್‌ಗೆ ಬರುತ್ತೇನೆಂದು ಹೇಳಲಿಲ್ಲ.

ಎಸ್ಟೇಟ್ ತಲುಪಿದಾಗ ತೋಟದ ತುಂಬ ಒದ್ದೆ ಮಣ್ಣಿನ ವಾಸನೆ. ಕಾಫಿ ಚೀಲ ಇಡುವ ಸ್ಟೋರಿನ ಜಗಲಿಯಲ್ಲಿ ಕಪ್ಪು ಹಲಗೆಯೊಂದು ತೂಗುಹಾಕಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ತಾರೀಕು, ಪಕ್ಕದಲ್ಲಿ 1.8. ಹಲಗೆಯ ಕೆಳಗಿನ ಮೇಜಿನಲ್ಲಿ ಮುಚ್ಚಳ ಹಾಕಿದ ಸ್ಟೀಲ್ ಕ್ಯಾನು, ಅದರಾಚೆ ತೆರೆದ ಲ್ಯಾಪ್‌ಟಾಪು. ಲ್ಯಾಪ್‌ಟಾಪಿನ ಮುಂದೆ ಗಂಬೂಟು ಹಾಕಿಕೊಂಡು ಕುಳಿತಿದ್ದವಳು ಜೋಸ್ವಿನ್‌ನ ತಂಗಿ ಆಲ್ವಿಟಾ. ಬಿಸಿಎ ಮುಗಿಸಿ ಬಂದು ಎಸ್ಟೇಟನ್ನು ನೋಡಿಕೊಳ್ಳುವವಳು ಅವಳೇ.

"ಸೌಜನ್ಯಕ್ಕ! ಒಂದು ಫೋನ್ ಮಾಡ್ಬಾರ್ದಾ?" ಎನ್ನುತ್ತಲೇ ಲ್ಯಾಪ್‌ಟಾಪ್ ಮುಚ್ಚಿದಳು. ಸ್ವಲ್ಪ ಬೇಗನೇ ಮುಚ್ಚಿದಳು.

"ಈ ಹಲಗೆ ಬರೆಯೋದು ಯಾರು ಆಲ್ವಿಟಾ?"

"ನಾನೇ. ಮಳೆ ಬಂದ್ರೆ ಅಣ್ಣ ಕೊಡೆ ಹುಡುಕ್ತಾನೆ, ಬೇರೆಂತ ಮಾಡಲ್ಲ."

"ಈ ಕ್ಯಾನಲ್ಲಿ?"

"ಮಳೆ ನೀರು. ನಾನು ಅಳೆದ ಮೇಲೆ ಡ್ಯಾಡಿ ಇನ್ನೊಂದ್ಸಲ ಅಳೀಬೇಕು. ಅಲ್ಲೀವರೆಗೂ ಚೆಲ್ಲೋ ಹಾಗಿಲ್ಲ. ನನ್ನ ಕಣ್ಣಿನ ಮೇಲೆ ಅವರಿಗೆ ನಂಬಿಕೆ ಇಲ್ಲ."

"ನಾರ್ತ್‌ವಿಂಡ್ ನೀನಾ?"

ಅವಳು ಉತ್ತರ ಹೇಳುವ ಮೊದಲೇ ಜೋಸ್ವಿನ್ ಮನೆಯ ಕಡೆಯಿಂದ ಇಳಿದು ಬಂದ. ನನ್ನ ಸ್ಕೂಟರ್ ಕಂಡಿರಬೇಕು. ಅವನ ಮುಖ ನೋಡಿದರೆ ಬೇರೆ ಉತ್ತರ ಬೇಕಿರಲಿಲ್ಲ.

"ಅವಳನ್ನ ಯಾಕೆ ಕೇಳ್ತೀಯ, ನನ್ನ ಕೇಳು," ಎಂದ.

"ನಿನ್ನ ಕೇಳಿದ್ದೆ. ಇಂಟರ್ನೆಟ್ಟಲ್ಲಿ ಯಾರಿಗೆ ಯಾರು ಗೊತ್ತು ಅಂದೆ. ಒಂದೇ ಮನೇಲಿ ಊಟ ಮಾಡೋರು ಗೊತ್ತಿರಬೇಕಲ್ಲ?"

"ಜೋಸ್ವಿನ್ ತಂಗಿ ಅಂದಿದ್ರೆ ನೀವು ಮೊದಲ ದಿನವೇ ಬಾಗಿಲು ಹಾಕ್ತಿದ್ರಿ," ಎಂದಳು ಆಲ್ವಿಟಾ. ಕಣ್ಣು ತಗ್ಗಿಸಲಿಲ್ಲ. "ನನ್ನ ಕೆಲಸ ಓದ್ತಿರ್ಲಿಲ್ಲ, ನನ್ನ ಅಣ್ಣನ್ನ ಓದ್ತಿದ್ರಿ. ಬೇರೆ ಹೆಸರಲ್ಲಿ ಕಳಿಸಿದ್ಮೇಲೆ ಒಂದೊಂದು ಸಾಲೂ ಓದಿದ್ರಿ. ಅಷ್ಟೇ ಬೇಕಿದ್ದಿದ್ದು ನಂಗೆ."

"ಮತ್ತೆ ನೀನು?" ಜೋಸ್ವಿನ್ ಕಡೆ ತಿರುಗಿದೆ. "ಓದಿ ಸಹಿ ಹಾಕಿದ್ಯಾ?"

"ಹಿಂದಿನ ದಿನ ಇಲ್ಲೇ ಕೂತು ಜತೇಲಿ ಓದಿದ್ವಿ. ಸರಿ ಇತ್ತು."

"ಸರಿ ಇರಲಿಲ್ಲ."

ನಾನು ಟವೆಲ್ ಬಿಚ್ಚಿ ಗಾಜನ್ನು ಮೇಜಿನ ಮೇಲಿಟ್ಟೆ. ಅಂಗಳದ ಮಾಪಕದ ಬಾಯಿಗೆ ಟೇಪು ಹಿಡಿದು ನೋಡಿದೆ. ಐದು ಇಂಚು, ನಮ್ಮದರಷ್ಟೇ. ಇಲ್ಲಿಯ ನೀರಿಗೂ ನನ್ನ ಗಾಜು ಸುಳ್ಳು ಹೇಳುವುದಿಲ್ಲ.

"ಇದೆಂಥ ಮಾಡ್ತಿದೀಯ?" ಎಂದ ಜೋಸ್ವಿನ್.

ಹೇಳಿದೆ. ಕೋಡಿನಲ್ಲಿ ಒಂದು ನಾಣ್ಯ ಐದು ಚೂರು 1.5 ಆಗಿ ಹೊರಗೆ ಹೋಗುತ್ತದೆ ಎಂದೆ. ಆಲ್ವಿಟಾ ಹಲಗೆಯ ಕಡೆ ನೋಡಿದಳು, ಮತ್ತೆ ನನ್ನ ಕಡೆ. ಕೈ ಬಾಯಿಗೆ ಹೋಯಿತು. "ಯೇಸುವೇ, ಸೊನ್ನೆ!" ಎಂದಳು.

ಆ ಉದ್ಗಾರ ನನಗೆ ನಿಜವೆಂದೇ ಅನ್ನಿಸಿತು. ಆದರೆ ಉದ್ಗಾರಗಳನ್ನು ಯಾರು ಬೇಕಾದರೂ ಮಾಡಬಹುದು. ಹಲಗೆಯ ಮೇಲಿನ ಅಂಕಿ ಮಾತ್ರ ನಾನು ಬರುತ್ತೇನೆಂದು ಗೊತ್ತಿಲ್ಲದಾಗ, ಯಾಕೆ ಕೇಳುತ್ತೇನೆಂದು ಗೊತ್ತಿಲ್ಲದಾಗ ಬರೆದದ್ದು.

"ಹಲಗೆಯಲ್ಲಿ 1.8 ಇದೆ," ಎಂದೆ. "ಶಾಲೇಲಿ ಕಲಿತ ಹಾಗೆ ಓದಿದರೆ 45.7 ಮಿಲಿಮೀಟರ್. ಒಂದು ಇಂಚು ಎಂಟು ಸೆಂಟು ಅಂತ ಓದಿದರೆ 27.4. ಈ ಕ್ಯಾನಲ್ಲಿ ಯಾವುದಿದೆ ಅಂತ ನೋಡ್ತೀನಿ."

"ನಲವತ್ತೈದು ಬಂದ್ರೆ?" ಎಂದ ಜೋಸ್ವಿನ್.

"ಆಲ್ವಿಟಾಗೆ ದಶಮಾಂಶ ಚೆನ್ನಾಗಿ ಗೊತ್ತು, ಕೋಡಲ್ಲಿ ಬೇಕಂತ ತಪ್ಪಿದಾಳೆ ಅಂತ ಅರ್ಥ. ಸಂಜೆ ಎಚ್ಚರಿಕೆ ಹಾಕ್ತೀನಿ."

"ಇಪ್ಪತ್ತೇಳು ಬಂದ್ರೆ?"

"ತಪ್ಪು ಅಂತ ಬರೀತೀನಿ. ಕಳ್ಳತನ ಅಂತ ಬರೆಯಲ್ಲ. ತನ್ನ ಹೆಸರಲ್ಲೇ ತಿದ್ದಿ ಕಳಿಸಲಿ. ನೀರು ಏನೇ ಹೇಳಲಿ, ಆಲ್ವಿಟಾ ಕಳಿಸಿದ್ದಕ್ಕೆ ಇನ್ನು ನಿನ್ನ ಸಹಿ ನಡೆಯಲ್ಲ."

ಅವನು ಆಗಲಿ ಎಂದು ತಲೆಯಾಡಿಸಿದ.

"ಯಾರದು ನನ್ನ ನೀರು ಮುಟ್ತಿರೋದು?" ಎಂದು ಹಿಂದಿನಿಂದ ದನಿ ಬಂತು. ಅಗಸ್ಟಿನ್ ಅವರು ಆಳುಗಳ ಲೈನಿನ ಕಡೆಯಿಂದ ಬರುತ್ತಿದ್ದರು, ಕೈಯಲ್ಲಿ ಕೋಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ.

"ಡ್ಯಾಡಿ, ಸೌಜನ್ಯಕ್ಕ ಅಳೀಬೇಕಂತೆ. ನನ್ನ ಮೇಲೆ ಅನುಮಾನ," ಎಂದಳು ಆಲ್ವಿಟಾ.

"ಒಳ್ಳೇದಾಯ್ತು. ಈ ಮನೇಲಿ ನನಗೊಬ್ಬನಿಗೇ ಇರೋದು ಅಂದ್ಕೊಂಡಿದ್ದೆ." ಕನ್ನಡಕ ಏರಿಸಿಕೊಂಡು ನನ್ನ ಪಕ್ಕ ಬಂದು ನಿಂತರು. "ಅಳೆಯಮ್ಮ, ಅಳೆ. ನಾನೂ ನೋಡ್ತೀನಿ. ಮಕ್ಕಳು ಅಂತ ನಾನು ಒಂದು ಸೆಂಟೂ ಬಿಡಲ್ಲ."

ಗಾಜು ಒಂದು ಸಲಕ್ಕೆ ಹತ್ತು ಮಿಲಿಮೀಟರ್ ಹಿಡಿಯುತ್ತದೆ. ಮೇಜು ಓರೆಯಿತ್ತು. ಒಂದು ಕಾಲಿನ ಕೆಳಗೆ ತೆಂಗಿನ ಗರಿಯ ಚೂರು ಕೊಟ್ಟು ಸಮ ಮಾಡಿದೆ. ಕ್ಯಾನಿನ ಮುಚ್ಚಳ ತೆಗೆದು ನಿಧಾನವಾಗಿ ಸುರಿದೆ. ಮೊದಲನೆಯದು ಮೇಲಿನ ಗೆರೆಯವರೆಗೆ ತುಂಬಿತು. ಮಣ್ಣಿಗೆ ಚೆಲ್ಲಿದೆ. ಎರಡನೆಯದೂ ತುಂಬಿತು. ಚೆಲ್ಲಿದೆ. ಕೆಳಗೆ ಎಲ್ಲೋ ಗೂಡ್ಸ್ ರೈಲು ತಿರುವಿನಲ್ಲಿ ಉಜ್ಜಿಕೊಂಡು ಹೋಗುತ್ತಿತ್ತು. ಆಲ್ವಿಟಾ ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದಳು, ಗಾಜಿನ ಕಡೆ ನೋಡುತ್ತಿರಲಿಲ್ಲ.

ಮೂರನೆಯ ಸಲ ಕ್ಯಾನನ್ನು ಬಗ್ಗಿಸಿದೆ. ಇದೂ ತುಂಬಿ, ಇನ್ನೂ ಉಳಿದರೆ ಎಲ್ಲ ಮುಗಿಯಿತು. ನೀರು ಅರ್ಧ ದಾಟಿತು, ಇನ್ನೂ ಸ್ವಲ್ಪ ಏರಿತು, ಆಮೇಲೆ ಹನಿಯಾಯಿತು. ಕ್ಯಾನನ್ನು ತಲೆಕೆಳಗು ಮಾಡಿ ಕೊನೆಯ ಹನಿ ಬೀಳುವವರೆಗೆ ಹಿಡಿದೆ. ಮಂಡಿಯೂರಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದೆ. ಅಗಸ್ಟಿನ್ ಅವರೂ ಕೋಲು ಊರಿ ಬಗ್ಗಿದರು.

"ಏಳು ಪಾಯಿಂಟ್ ನಾಲ್ಕು," ಎಂದರು.

ನನ್ನ ಕಣ್ಣಿಗೂ ಅಷ್ಟೇ ಕಂಡಿತು. ಒಟ್ಟು 27.4 ಮಿಲಿಮೀಟರ್.